ಹನ್ನೊಂದು ಫ್ರೇಮು

ಕುತಾಯಿಸಿಯ ಬಿಳಿ ಸೇತುವೆಯಿಂದ ಈಚೆಗೆ
ಬೇಕರಿಯ ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಹಳೇ ಕ್ಯಾಸೆಟ್ಟುಗಳನ್ನು ಫೈಲು ಮಾಡಿಕೊಡುತ್ತೇನೆ,
ಕೆಟ್ಟ ಫೈಲುಗಳಿಗೆ ಮದ್ದು ಹಾಕುತ್ತೇನೆ.
ಮದುವೆ, ಜ್ಞಾನಸ್ನಾನ, ಹೆಚ್ಚಾಗಿ ಸತ್ತವರ ನಗು.

ತೊರ್ನಿಕೆ ಎಂಬ ಹುಡುಗ ಪೆನ್‌ಡ್ರೈವ್ ತಂದಿಟ್ಟ:
"ನಮ್ಮಜ್ಜ. ತೊಂಬತ್ತಾರರ ಔತಣ.
ತುಟಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ.
ಸರಿ ಮಾಡಿ."
ಅಜ್ಜನನ್ನು ಅವನು ಕಂಡವನಲ್ಲ.

ಮಾತು ಹಿಂದೆ ಬಿದ್ದರೆ ನಾನು ಮೊದಲು ನೋಡುವುದು ಇಷ್ಟೇ:
ಎಲ್ಲ ಕಡೆ ಅಷ್ಟಕ್ಕಷ್ಟೇ ಹಿಂದೋ,
ಹೋಗ್ತಾ ಹೋಗ್ತಾ ಹೆಚ್ಚೋ.
ಅಷ್ಟಕ್ಕಷ್ಟೇ ಆದರೆ ಹೆದರಬೇಕಿಲ್ಲ,
ದನಿಯ ಪಟ್ಟಿ ಹಿಡಿದು ಎಡಕ್ಕೆ ಜಗ್ಗಿದರಾಯಿತು.
ಹೆಚ್ಚುತ್ತ ಹೋದರೆ ಯಾರೋ ಎಣಿಕೆ ತಪ್ಪಿದ್ದಾರೆ,
ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಅನ್ನುವಲ್ಲಿ
ಇಪ್ಪತ್ತನಾಲ್ಕು ಅಂದಿದ್ದಾರೆ;
ಅದನ್ನೂ ಹಿಗ್ಗಿಸಿ ಕುಗ್ಗಿಸಿ ದಾರಿಗೆ ತರಬಹುದು.

ಮನೆಯ ಔತಣಕ್ಕೆ ಯಾರೂ ಕ್ಲ್ಯಾಪ್ ಹೊಡೆದಿರುವುದಿಲ್ಲ.
ಹಾಗಾಗಿ ಗ್ಲಾಸು ಹುಡುಕಿದೆ.
ಗ್ಲಾಸಿಗೆ ಗ್ಲಾಸು ತಗಲಿದ ಚಿತ್ರ ಒಂದು ಕಡೆ,
ಕೆಳಗಿನ ಪಟ್ಟಿಯಲ್ಲಿ ಟಿಣ್ ಎಂದು ಎದ್ದ ಮುಳ್ಳು ಇನ್ನೊಂದು ಕಡೆ,
ನಡುವೆ ಹನ್ನೊಂದು ಫ್ರೇಮು.
ಮೊದಲ ಗ್ಲಾಸಿಗೂ ಹನ್ನೊಂದು, ಕೊನೆಯದಕ್ಕೂ ಹನ್ನೊಂದು.
ಜಗ್ಗಿದೆ. ಮುಗಿಯಿತು ಅಂದುಕೊಂಡೆ.

ಗ್ಲಾಸುಗಳು ಕೂಡಿದವು, ಆ ಮನುಷ್ಯ ಕೂಡಲಿಲ್ಲ.

ಪ, ಬ, ಮ:
ಯಾವ ದೇಶದವನೇ ಆಗಲಿ, ತುಟಿ ಮುಚ್ಚದೆ ಇವನ್ನು ಆಡಲಾರ.
ನನ್ನ ಕಸುಬಿಗೆ ಇವೇ ಸಾಕ್ಷಿ.
'ಗೌಮಾರ್ಜೋಸ್', ಗೆಲುವಾಗಲಿ, ಎಂದು ಗ್ಲಾಸೆತ್ತುತ್ತಾನೆ,
'ಗೌ' ನೆಟ್ಟಗೇ ಬರುತ್ತದೆ,
ತುಟಿ 'ಮ'ಕ್ಕೆ ಮುಚ್ಚುತ್ತದೆ.
ಸದ್ದಿಲ್ಲ.
ಒಮ್ಮೆ ಒಂಬತ್ತು ಫ್ರೇಮು, ಒಮ್ಮೆ ಮೂವತ್ತು,
ಒಮ್ಮೆ ಎರಡು ಸೆಕೆಂಡೂ ದಾಟಿ
ಆಮೇಲೆ ಬರುತ್ತದೆ 'ಮ'.

ಟೇಪು ಸಿಕ್ಕಿಕೊಂಡಿದೆ ಅಂದುಕೊಂಡೆ.
ಅಷ್ಟು ಹೊತ್ತೂ ಇಡೀ ಮೇಜು ಅಲ್ಲಾಡುತ್ತಿರಲಿಲ್ಲ,
ಚಿತ್ರ ಹೆಪ್ಪುಗಟ್ಟಿದಾಗ ಹೀಗೇ ಕಾಣುತ್ತದೆ.
ಮೂರು ರಾತ್ರಿ ಕೂತು
ಆ ಸತ್ತ ಫ್ರೇಮುಗಳನ್ನು ಕೆಳಗಿನ ಮೌನದ ಸಮೇತ
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆ.
ಗಂಟಲಲ್ಲಿ ಗಂಟೇ ಇಲ್ಲದವನ ಹಾಗೆ ಮಾತಾಡಿದ ಅಜ್ಜ.
ನನಗೇ ಹೆಮ್ಮೆಯಾಯಿತು.

ಫೈಲು ಒಯ್ಯಲು ಬಂದವಳು ಅಜ್ಜಿ, ಮಕ್ವಾಲಾ.
ಕೋಟು ಬಿಚ್ಚದೆ ಸ್ಟೂಲಿನ ಮೇಲೆ ಕೂತು ನೋಡಿದಳು.
"ಯಾರಪ್ಪ ಇದು?"
ನಿಮ್ಮ ಯಜಮಾನರು, ಅಂದೆ.
"ನೆಸ್ಟೋರಿ ನನ್ನ ಹೆಸರು ಕರೆಯಬೇಕು ಅಂದರೆ
ತುಟಿ ಮುಚ್ಚಿಕೊಂಡು ನಿಲ್ಲುತ್ತಿದ್ದ.
ನಾನು ಒಲೆಯ ಮೇಲಿನ ಪಾತ್ರೆ ಇಳಿಸಿ,
ಕೈ ಒರೆಸಿಕೊಂಡು, ಎದುರಿಗೆ ಹೋಗಿ ನಿಂತ ಮೇಲೆ
ಬರುತ್ತಿತ್ತು ಹೆಸರು.
ಇವನು ಯಾರೋ ರೇಡಿಯೋದವನು."

ಮೂಲ ಫೈಲು ತೆರೆದೆ.
ಮೊದಲ ಸಲ ತುಟಿ ಬಿಟ್ಟು ಬೇರೆ ಕಡೆ ನೋಡಿದೆ.
ಇಪ್ಪತ್ತು ಕೈ ಗಾಳಿಯಲ್ಲಿ.
ಮಾತು ಮುಗಿಯದೆ ಕುಡಿಯುವ ಹಾಗಿಲ್ಲ,
ಯಾರೂ ಕೆಮ್ಮಲಿಲ್ಲ, ಯಾರೂ ಅವನ ಪರವಾಗಿ
ಆ ಅಕ್ಷರ ಹೇಳಿಕೊಡಲಿಲ್ಲ.
ಮೇಜಿನ ತುದಿಯ ಮುದುಕನ ತೋಳು ಸೋತು
ಒಂದು ಹನಿ ಬಟ್ಟೆಯ ಮೇಲೆ ಬಿತ್ತು.
ಹೆಪ್ಪುಗಟ್ಟಿದ ಚಿತ್ರದಲ್ಲಿ ವೈನು ಚೆಲ್ಲುವುದಿಲ್ಲ.
ಮೂರು ರಾತ್ರಿ ನಾನು ಅದನ್ನು ನೋಡಿರಲಿಲ್ಲ.

ಕತ್ತರಿಸಿದ್ದನ್ನೆಲ್ಲ ಎಲ್ಲೆಲ್ಲಿತ್ತೋ ಅಲ್ಲಲ್ಲೇ ಇಟ್ಟೆ.
ಹನ್ನೊಂದು ಫ್ರೇಮಿಗಷ್ಟೇ ದುಡ್ಡು ತೆಗೆದುಕೊಂಡೆ,
ಅದಂತೂ ಯಂತ್ರದ ತಪ್ಪೇ.

ಸಂಜೆ ತೊರ್ನಿಕೆ ಫೋನು ಮಾಡಿದ.
"ಗ್ಲಾಸು ಸರಿಹೋಗಿದೆ. ಅಜ್ಜ ಇನ್ನೂ ತಡವಾಗಿಯೇ ಬರ್ತಾನೆ."
ಹೌದು, ಅಂದೆ.